ಅಪ್ಪಗ ಜ್ವರ, ಕೆಮ್ಮು, ಬಲಗಡಿ ಪಕ್ಕಿ ನೋವು. ಟೈಫಾಯ್ಡ್ ಏನ್ರಿ, ನ್ಯುಮೋನಿಯಾ ಏನ್ರಿ?

ಜೇವರ್ಗಿ ಸೀಮಿ

ನಮಸ್ಕಾರ್ರಿ ಎಲ್ಲರಿಗೂ. ನಮ್ಮಪ್ಪಗ 72 ವರ್ಷ. ಜೇವರ್ಗಿ ತಾಲೂಕಿನ ಹಳ್ಳಿ, ಒಕ್ಕಲುತನ. ಸಕ್ಕರಿ ಕಾಯಿಲೆ ಅದ, ದಿನಾ ಗುಳಿಗಿ ತಗೋತಾರ. ತೊಗರಿ ರಾಶಿ ಮುಗದ ಮ್ಯಾಲ ಕೆಮ್ಮು ಸುರು ಆಯ್ತು. ಹೊಟ್ಟಿನ ಧೂಳು ಕುಡದದ್ದಕ್ಕ ಅಂತ ಮನ್ಯಾಗ ಎಲ್ಲಾರೂ ಅಂದ್ರು. ಆಮ್ಯಾಲ ಒಂದಿನ ಸಂಜಿಗಿ ಒಮ್ಮಿಗೇ ಥಂಡಿ ಹತ್ತಿ ಗಡಗಡ ನಡುಗಿದ್ರು, ಕಂಬಳಿ ಮ್ಯಾಲ ಕಂಬಳಿ ಹೊಚ್ಚಿದ್ರೂ ನಡುಕ ನಿಲ್ಲಲಿಲ್ಲ. ಜ್ವರ 103 ಇತ್ತು.

ಊರ ಹತ್ರದ ಕ್ಲಿನಿಕ್‌ದಾಗ ದಿನಾ ಸೂಜಿ ಮಾಡಿ ಸಲೈನ್ ಹಚ್ಚಲತ್ತಾರ. ಸೂಜಿ ಮಾಡಿದ ಮ್ಯಾಲ ಮೈಯೆಲ್ಲ ಬೆವತು ಜ್ವರ ಇಳೀತದ, ರಾತ್ರಿ ಮತ್ತ ಏರ್ತದ. ರಕ್ತ ತಪಾಸಣಿ ಮಾಡಿಸಿ ಟೈಫಾಯ್ಡ್ ಅಂದಾರ. ಕೆಮ್ಮಿದ್ರ ಜಂಗಿನ ಬಣ್ಣದ ಕಫ ಬರ್ತದ. ಉಸಿರು ಜೋರು ಎಳದ್ರ ಬಲಗಡಿ ಪಕ್ಕಿ ಚುಚ್ತದ ಅಂತ ಆ ಕಡಿಗೇ ಹೊರಳಿ ಮಲಗ್ತಾರ. ನಿನ್ನಿ ರಾತ್ರಿ ನನ್ನ ನೋಡಿ, ತೀರಿಹೋದ ನಮ್ಮ ಕಾಕಾನ ಹೆಸರು ಹಿಡದು ಕರದ್ರು. ಊಟ ಪೂರಾ ಬಿಟ್ಟಾರ.

ಟೈಫಾಯ್ಡ್ ಕೋರ್ಸ್ ಮುಗಿಯೋತನ ತಡೀರಿ ಅಂತ ಕ್ಲಿನಿಕ್‌ದವರು ಹೇಳ್ಯಾರ. ನನಗ್ಯಾಕೋ ಸಮಾಧಾನ ಇಲ್ಲ. ಕಲಬುರಗಿಗಿ ಕರಕೊಂಡು ಹೋಗಬೇಕೇನ್ರಿ?

ವಾರ್ಡ್ ಸಿಸ್ಟರ್

ಅಣ್ಣಾರ, ಮೊದಲ ಒಂದು ಕೆಲಸ ಮಾಡ್ರಿ. ಮೊಬೈಲ್‌ದಾಗ ಒಂದು ನಿಮಿಷ ಟೈಮರ್ ಇಟ್ಟು ಅಪ್ಪಾಜಿ ಹೊಟ್ಟಿ ಎಷ್ಟು ಸಲ ಏರ್ತದ ಎಣಸ್ರಿ. ಎಣಸ್ಲತ್ತೀನಿ ಅಂತ ಅವರಿಗಿ ಹೇಳಬ್ಯಾಡ್ರಿ, ಹೇಳಿದ್ರ ಉಸಿರಾಟದ ಲಯನೇ ಬದಲಾಗ್ತದ. ನಾಡಿ ಹಿಡದು ನೋಡೋರಂಗ ಕೈ ಹಿಡಕೊಂಡು ಕುಂಡ್ರಿ, ಕಣ್ಣು ಹೊಟ್ಟಿ ಮ್ಯಾಲ ಇರಲಿ. ಅರ್ಧ ನಿಮಿಷ ಎಣಿಸಿ ಎರಡಪಟ್ಟು ಮಾಡೋದು ಬ್ಯಾಡ, ಪೂರಾ 60 ಸೆಕೆಂಡ್ ಎಣಸ್ರಿ.

ದೊಡ್ಡವರಿಗಿ 12ರಿಂದ 20 ಇದ್ರ ಸರಿ. 30 ಮುಟ್ಟಿದ್ರ ಇನ್ನ ಕ್ಲಿನಿಕ್ ಕೆಲಸ ಅಲ್ಲ. ಬೆರಳಿಗಿ ಹಚ್ಚೋ ಆಕ್ಸಿಮೀಟರ್ ಯಾರ ಮನ್ಯಾಗರ ಅದನ? ಕೊರೊನಾ ಟೈಮ್‌ದಾಗ ಭಾಳ ಮಂದಿ ತಗೊಂಡಾರ. ಕೈ ತಣ್ಣಗಿದ್ರ ತಿಕ್ಕಿ ಬೆಚ್ಚಗ ಮಾಡಿ ಹಚ್ರಿ, ಅಂಕಿ ನಿಲ್ಲೋತನ ತಡೀರಿ.

ಜೇವರ್ಗಿ ಸೀಮಿ

ಅಕ್ಕಾರ, ಎಣಿಸಿದೆ, 32 ಬಂತು. ಮತ್ತೊಮ್ಮಿ ಎಣಿಸಿದ್ರೂ ಅಷ್ಟೇ. ಬಾಜೂ ಮನಿಯವರ ಆಕ್ಸಿಮೀಟರ್‌ದಾಗ 89, 90 ತೋರಸ್ಲತ್ತದ. ಮಷೀನ್ ಹಳೇದು, ಕೆಟ್ಟಿರಬೇಕೇನೋ.

ವಾರ್ಡ್ ಸಿಸ್ಟರ್

ಮಷೀನ್ ನಿಮ್ಮ ಬೆರಳಿಗಿ ಹಚ್ಚಿ ನೋಡ್ರಿ. ನಿಮಗ 97, 98 ಬಂದ್ರ ಅದು ಕೆಟ್ಟಿಲ್ಲ. ಈಗೇ 108ಕ್ಕ ಫೋನ್ ಹಚ್ರಿ. ಗಾಡಿ ಬರೋತನ ಅಡ್ಡ ಮಲಗಿಸಬ್ಯಾಡ್ರಿ, ಬೆನ್ನಿಗಿ ದಿಂಬಿಟ್ಟು ಕುಂಡರಸ್ರಿ. ಕ್ಲಿನಿಕ್ ಚೀಟಿ, ರಕ್ತದ ರಿಪೋರ್ಟ್, ಸಕ್ಕರಿ ಗುಳಿಗಿ ಪಟ್ಟಿ, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಎಲ್ಲಾ ಒಂದೇ ಚೀಲದಾಗ ಹಾಕ್ಕೋರಿ. ಪೂರಾ ಎಚ್ಚರಿಲ್ಲದವರಿಗಿ ಒತ್ತಾಯ ಮಾಡಿ ಚಹಾ, ಗಂಜಿ ಕುಡಸಬ್ಯಾಡ್ರಿ, ಶ್ವಾಸನಾಳಕ್ಕ ಹೋಗ್ತದ.

ಮೆಡಿಸಿನ್ ಡಾಕ್ಟರ್, ಕಲಬುರಗಿ

ಸಿಸ್ಟರ್ ಹೇಳಿದ್ದು ಸರಿ. ಕಾರಣವನ್ನೂ ಹೇಳುತ್ತೇನೆ, ದವಾಖಾನೆಯಲ್ಲಿ ಏನು ನಡೆಯುತ್ತಿದೆ ಎಂದು ನಿಮಗೆ ತಿಳಿಯಲಿ.

ವಯಸ್ಸಾದವರ ನ್ಯುಮೋನಿಯಾ ಎಷ್ಟು ಗಂಭೀರ ಎಂದು ಅಳೆಯಲು ನಾವು ನಾಲ್ಕು ಸಂಗತಿ ನೋಡುತ್ತೇವೆ. ಮಾತು ತಪ್ಪುವುದು, ಅಂದರೆ ಗೊಂದಲ. ಉಸಿರಾಟ ನಿಮಿಷಕ್ಕೆ 30 ಅಥವಾ ಹೆಚ್ಚು. ಬಿಪಿ ಮೇಲಿನದು 90ಕ್ಕಿಂತ ಕಡಿಮೆ, ಇಲ್ಲವೇ ಕೆಳಗಿನದು 60 ಅಥವಾ ಅದಕ್ಕಿಂತ ಕಡಿಮೆ. ವಯಸ್ಸು 65 ಅಥವಾ ಮೇಲ್ಪಟ್ಟು. ಒಂದೊಂದಕ್ಕೂ ಒಂದು ಅಂಕ. ದವಾಖಾನೆಗೆ ಬಂದ ಮೇಲೆ ರಕ್ತದ ಯೂರಿಯಾ ಸೇರಿಸಿದರೆ ಐದು ಅಂಕ. ನಿಮ್ಮ ತಂದೆಯವರಿಗೆ ಬಿಪಿ ನೋಡುವ ಮೊದಲೇ ಮೂರು ಆಯಿತು. ಮೂರು ಅಂದರೆ ತೀವ್ರ. ಅದರ ಮೇಲೆ ಸಕ್ಕರೆ ಕಾಯಿಲೆ, ಆಮ್ಲಜನಕ 90ರ ಆಸುಪಾಸು. ಇವರಿಗೆ ಮನೆಯಲ್ಲಿಟ್ಟು ಚಿಕಿತ್ಸೆ ಕೊಡುವಂತಿಲ್ಲ.

ಒಮ್ಮೆಲೇ ನಡುಕ ಬಂದು ಜ್ವರ ಏರುವುದು, ಜಂಗಿನ ಬಣ್ಣದ ಕಫ, ಉಸಿರೆಳೆದಾಗ ಒಂದೇ ಕಡೆ ಚುಚ್ಚುವ ನೋವು: ಇವು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದ ಹಳೆಯ, ಪಾಠದಂಥ ಲಕ್ಷಣಗಳು. ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ಗಾಳಿಯ ಜಾಗದಲ್ಲಿ ಕೀವು, ನೀರು ತುಂಬಿರುತ್ತದೆ. ರಕ್ತ ಆ ಭಾಗದಲ್ಲಿ ಹರಿದರೂ ಆಮ್ಲಜನಕ ಸಿಗದೆ ಹಾಗೇ ವಾಪಸ್ ಬರುತ್ತದೆ. ಅದಕ್ಕೇ ಉಸಿರು ಜೋರಾಗುತ್ತದೆ.

ತಡಮಾಡಬೇಡಿ. ಮಿಕ್ಕ ಮಾತು ಆಮೇಲೆ.

ಆಳಂದ ಮೆಡಿಕಲ್

ನಾ ಔಷಧಿ ಅಂಗಡಿಯವ. ಕ್ಲಿನಿಕ್‌ದಾಗ ಮಾಡಿದ ಸೂಜಿ ಯಾವುದು ಅಂತ ಚೀಟಿ ಕೇಳಿ ತಗೊಂಡು ಹೋಗ್ರಿ. ನಮ್ಮ ಕಡಿ ಭಾಳ ಕಡಿ ಜ್ವರ ಅಂದಕೂಡ್ಲೆ ಡೆಕ್ಸಾ ಸೇರಿಸಿ ಸೂಜಿ ಮಾಡ್ತಾರ. ಡೆಕ್ಸಾ ಅಂದ್ರ ಸ್ಟಿರಾಯ್ಡ್. ಬೆವತು ಜ್ವರ ಇಳೀತದ, ಮಂದಿಗಿ ಹಸಿವಿ ಆಗ್ತದ, ಎದ್ದು ಓಡಾಡ್ತಾರ, ‘ಡಾಕ್ಟರ್ ಕೈಗುಣ ಛಲೋ ಅದ’ ಅಂತಾರ. ಒಳಗ ಸೋಂಕು ಹಾಂಗೇ ಇರ್ತದ. ಸಕ್ಕರಿ ಇದ್ದವರಿಗಿ ಅದು ಸಕ್ಕರಿ ಎಲ್ಲಿಗೋ ಒಯ್ತದ. ನಿಮ್ಮ ಅಪ್ಪಾರಿಗಿ ಅದೇ ಮಾಡ್ಯಾರ ಅಂತ ನಾ ಹೇಳಲತ್ತಿಲ್ಲ. ಖರೆ ದವಾಖಾನಿಯವರಿಗಿ ಗೊತ್ತಿರಬೇಕು.

ಬೀದರ ಕೋಟಿ ಬಾಜೂ

ಡಾಕ್ಟರ್ ಸರ್, ಸ್ಟಿರಾಯ್ಡ್ ನ್ಯುಮೋನಿಯಾಕ್ಕ ಕೊಡ್ತಾರಲ್ರಿ? ನಮ್ಮ ಸೋದರಮಾವಗ ಐಸಿಯುದಾಗ ಕೊಟ್ಟಿದ್ರು.

ಮೆಡಿಸಿನ್ ಡಾಕ್ಟರ್, ಕಲಬುರಗಿ

ಕೊಡುತ್ತೇವೆ. ಆದರೆ ಎರಡೂ ಒಂದೇ ಅಲ್ಲ. ಐಸಿಯು ಸೇರುವಷ್ಟು ತೀವ್ರವಾದ ನ್ಯುಮೋನಿಯಾದಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಬೇಗ ಶುರು ಮಾಡಿದರೆ ಸಾವು ಕಡಿಮೆಯಾಗುತ್ತದೆ ಎಂದು 2023ರಲ್ಲಿ ಫ್ರಾನ್ಸಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಅಲ್ಲಿ ಆಂಟಿಬಯೋಟಿಕ್ ಜೊತೆಗೇ ನಡೆಯುತ್ತಿರುತ್ತದೆ, ಸಕ್ಕರೆಯನ್ನು ಪದೇ ಪದೇ ನೋಡುತ್ತಿರುತ್ತಾರೆ. ರೋಗ ಏನೆಂದು ಗೊತ್ತಿಲ್ಲದೆ ಬರೀ ಜ್ವರ ಇಳಿಸಲು ಕೊಡುವುದು ಬೇರೆ. ಎರಡನೆಯದು ರೋಗದ ಗುರುತನ್ನೇ ಮುಚ್ಚಿಬಿಡುತ್ತದೆ, ಮನೆಯವರು ಕಾಯುತ್ತ ಕೂರುತ್ತಾರೆ.

ಟೈಫಾಯ್ಡ್ ವಿಷಯಕ್ಕೂ ಒಂದು ಮಾತು. ಊರಿನ ಲ್ಯಾಬುಗಳಲ್ಲಿ ಮಾಡುವುದು ವಿಡಾಲ್ ಪರೀಕ್ಷೆ. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ದೇಹ ಹಿಂದೆ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಟೈಫಾಯ್ಡ್ ಹೆಚ್ಚಿರುವ ನಮ್ಮಂಥ ಊರುಗಳಲ್ಲಿ ಹಳೆಯ ಸೋಂಕು, ಲಸಿಕೆ, ಬೇರೆ ಜ್ವರ, ಯಾವುದರಿಂದಲೂ ಅದು ಪಾಸಿಟಿವ್ ಬರಬಹುದು. ಕೆಮ್ಮು, ಪಕ್ಕೆ ನೋವು, ಏರಿದ ಉಸಿರು ಇರುವವರಿಗೆ ಒಂದೇ ಒಂದು ವಿಡಾಲ್ ರಿಪೋರ್ಟ್ ನೋಡಿ ಟೈಫಾಯ್ಡ್ ಎಂದು ಕೂರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದರೆ ಕೇಳಿಸುತ್ತಿತ್ತು. ಬೆನ್ನ ಮೇಲೆ ಬೆರಳಿಟ್ಟು ಬಾರಿಸಿದರೆ ಗಾಳಿ ಇರುವಲ್ಲಿ ಟೊಳ್ಳು ಸದ್ದು, ಕಟ್ಟಿಕೊಂಡಿರುವಲ್ಲಿ ಮೊಂಡು ಸದ್ದು. ಇದಕ್ಕೆ ಖರ್ಚೇ ಇಲ್ಲ.

ಜೇವರ್ಗಿ ಸೀಮಿ

ಕಟ್ಟಿಸಂಗಾವಿ ಸೇತುವೆ ದಾಟಿ ಬಂದ್ವಿ. ಗಾಡ್ಯಾಗೇ ಆಕ್ಸಿಜನ್ ಹಚ್ಚ್ಯಾರ. ದವಾಖಾನಿ ಮುಟ್ಟಿದ ಮ್ಯಾಲ ಬರೀತೀನಿ.

ಸೂಕ್ಷ್ಮದರ್ಶಕ

ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವರು ದಾಖಲಾಗುವಷ್ಟರಲ್ಲಿ ಕಫದ ಬಗ್ಗೆ ಬರೆಯುತ್ತೇನೆ. ನಮಗೆ ಬರುವ ಡಬ್ಬಿಗಳಲ್ಲಿ ಬಹಳಷ್ಟು ಬರೀ ಉಗುಳು.

ಆಂಟಿಬಯೋಟಿಕ್ ಶುರು ಮಾಡುವ ಮೊದಲು ಕೊಟ್ಟ ಕಫಕ್ಕೇ ಬೆಲೆ ಹೆಚ್ಚು. ಆದರೆ ರೋಗಿ ಗಂಭೀರವಾಗಿದ್ದರೆ ಕಫಕ್ಕಾಗಿ ಔಷಧಿ ನಿಲ್ಲಿಸಬಾರದು. ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಜೋರಾಗಿ ಎರಡು ಮೂರು ಸಲ ಉಸಿರೆಳೆದುಕೊಂಡು ಎದೆಯ ಆಳದಿಂದ ಕೆಮ್ಮಿ, ಬಂದದ್ದನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಬೇಕು. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಡಬ್ಬಿಯನ್ನು ಕಿಟಕಿ ಮೇಲೆ ಬಿಸಿಲಿಗೆ ಇಟ್ಟು ಸಂಜೆಗೆ ತಂದುಕೊಟ್ಟರೆ ನ್ಯುಮೋಕಾಕಸ್ ಸತ್ತಿರುತ್ತದೆ, ಬಾಯೊಳಗಿನ ಬೇರೆ ಕ್ರಿಮಿಗಳು ಬೆಳೆದಿರುತ್ತವೆ.

ಬಂದ ಕಫವನ್ನು ಗಾಜಿನ ಮೇಲೆ ಸವರಿ ಒಣಗಿಸಿ, ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ, ಹೀಗೆ ಸರದಿಯಲ್ಲಿ ಹಾಕಿ ತೊಳೆಯುತ್ತೇವೆ. ಮೊದಲು ಕಡಿಮೆ ಶಕ್ತಿಯ ಮಸೂರದಲ್ಲಿ ನೋಡುವುದು. ಕೀವುಕಣ 25ಕ್ಕಿಂತ ಹೆಚ್ಚು, ಬಾಯಿಯ ಚರ್ಮಕಣ 10ಕ್ಕಿಂತ ಕಡಿಮೆ ಇದ್ದರೆ ಅದು ಎದೆಯಿಂದ ಬಂದ ಕಫ. ಇಲ್ಲವಾದರೆ ಮತ್ತೊಮ್ಮೆ ಕೊಡಿ ಎಂದು ಕಳಿಸುತ್ತೇವೆ. ಆಮೇಲೆ ಎಣ್ಣೆ ಹನಿಯ ಕೆಳಗೆ ದೊಡ್ಡ ಮಸೂರ. ನ್ಯುಮೋಕಾಕಸ್ ಇದ್ದರೆ ಕೆಂಪು ಕೀವುಕಣಗಳ ನಡುವೆ ಕಡುನೇರಳೆ ಜೋಡಿಗಳು ಕಾಣುತ್ತವೆ. ಒಂದೊಂದೂ ದೀಪದ ಕುಡಿಯಂತೆ ಒಂದು ಕಡೆ ಚೂಪು, ಬೆನ್ನಿಗೆ ಬೆನ್ನು ಹಚ್ಚಿ ಕುಳಿತಂತೆ. ಸುತ್ತ ಬಣ್ಣ ಹಿಡಿಯದ ತೆಳುವಾದ ಬೆಳಕಿನ ಉಂಗುರ. ಅದು ಅದರ ಕವಚ. ಆ ಕವಚವೇ ಅದನ್ನು ನಮ್ಮ ಬಿಳಿ ರಕ್ತಕಣಗಳಿಂದ ಕಾಪಾಡುತ್ತದೆ. ಲಸಿಕೆ ತಯಾರಿಸುವುದೂ ಆ ಕವಚದಿಂದಲೇ.

ಈ ಬಣ್ಣ ಹಾಕುವ ವಿಧಾನವನ್ನು ಕ್ರಿಸ್ಟಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯ 1884ರಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದದ್ದೇ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶ ಪರೀಕ್ಷಿಸುವಾಗ. ಇಷ್ಟು ವರ್ಷವಾದರೂ ನಮ್ಮ ಬೆಂಚಿನ ಮೇಲೆ ದಿನದ ಮೊದಲ ಕೆಲಸ ಅದೇ.

ಜೇವರ್ಗಿ ಸೀಮಿ

ದಾಖಲು ಮಾಡಿಕೊಂಡ್ರು. ಎಕ್ಸ್‌ರೇದಾಗ ಬಲಗಡಿ ಕೆಳಗಿನ ಭಾಗ ಪೂರಾ ಬೆಳ್ಳಗ ಅದ. ನ್ಯುಮೋನಿಯಾನೇ ಅಂದ್ರು. ಸಕ್ಕರಿ 380. ಎರಡೂ ಕೈಯಿಂದ ರಕ್ತ ತಗೊಂಡು ಬಾಟಲಿಗಿ ಹಾಕಿದ್ರು, ಆಮ್ಯಾಲ ಕೂಡ್ಲೇ ನರಕ್ಕ ಸೂಜಿ ಸುರು ಮಾಡಿದ್ರು. ಚೀಟ್ಯಾಗ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಅಂತ ಅದ. ಇಸಿಜಿ ತಗದಾರ, ಎದಿಗೇನರ ಆಗ್ಯದೇನು ಅಂತ ಅಂಜಿಕಿ ಬಂತು. ಕಫ ಟಿಬಿ ತಪಾಸಣಿಗೂ ಕಳಿಸ್ಯಾರ. ಟಿಬಿ ಯಾಕಂತ? ನಮ್ಮ ಮನ್ಯಾಗ ಯಾರಿಗೂ ಇಲ್ಲ.

ಮೆಡಿಸಿನ್ ಡಾಕ್ಟರ್, ಕಲಬುರಗಿ

ಒಳ್ಳೆಯ ಕೈಯಲ್ಲಿದ್ದಾರೆ. ಒಂದೊಂದಾಗಿ ಹೇಳುತ್ತೇನೆ.

ಎರಡು ಕೈಯಿಂದ ರಕ್ತ ತೆಗೆದದ್ದು ಬ್ಲಡ್ ಕಲ್ಚರ್‌ಗೆ. ಬ್ಯಾಕ್ಟೀರಿಯಾ ರಕ್ತಕ್ಕೂ ಇಳಿದಿದೆಯೇ ಎಂದು ನೋಡಲು. ಎರಡು ಕಡೆಯಿಂದ ತೆಗೆದರೆ, ಚರ್ಮದ ಮೇಲಿನ ಕ್ರಿಮಿ ಸೇರಿಕೊಂಡು ಒಂದು ಬಾಟಲಿಯಲ್ಲಿ ಬೆಳೆದರೂ ಮೋಸ ಹೋಗುವುದಿಲ್ಲ. ಔಷಧಿಗೆ ಮೊದಲೇ ತೆಗೆದದ್ದು ಸರಿಯಾದ ಕ್ರಮ.

ಎರಡು ಔಷಧಿ ಯಾಕೆಂದರೆ, ಸೆಫ್ಟ್ರಿಯಾಕ್ಸೋನ್ ಪೆನಿಸಿಲಿನ್ ಬಳಗದ್ದು, ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ. ನ್ಯುಮೋಕಾಕಸ್, ಹೀಮೋಫಿಲಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಕೋಪ್ಲಾಸ್ಮಾ ಎಂಬ ಇನ್ನೊಂದು ಕ್ರಿಮಿಗೆ ಗೋಡೆಯೇ ಇಲ್ಲ, ಲೀಜಿಯೊನೆಲ್ಲಾ ಜೀವಕೋಶದೊಳಗೆ ಅಡಗಿರುತ್ತದೆ. ಅವಕ್ಕೆ ಅಜಿತ್ರೋಮೈಸಿನ್ ಇಲ್ಲವೇ ಡಾಕ್ಸಿಸೈಕ್ಲಿನ್ ಬೇಕು. ಗಂಭೀರ ರೋಗಿಯಲ್ಲಿ ಯಾವುದೆಂದು ಗೊತ್ತಾಗುವ ತನಕ ಕಾಯಲು ಆಗುವುದಿಲ್ಲ, ಎರಡೂ ಕೊಟ್ಟು ಶುರು ಮಾಡುತ್ತೇವೆ. ಅಜಿತ್ರೋಮೈಸಿನ್ ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು, ಅದಕ್ಕೂ ಇಸಿಜಿ ಬೇಕು. ನ್ಯುಮೋನಿಯಾ ಆದ ಮುಂದಿನ ವಾರಗಳಲ್ಲಿ ವಯಸ್ಸಾದವರಿಗೆ ಹೃದಯಾಘಾತದ ಸಂಭವವೂ ಹೆಚ್ಚು. ಅಂಜಬೇಡಿ, ನೋಡಿದ್ದು ಒಳ್ಳೆಯದು.

ಟಿಬಿ: ಸಕ್ಕರೆ ಕಾಯಿಲೆ ಇರುವವರಲ್ಲಿ ಟಿಬಿ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು, ಮತ್ತು ಅವರಲ್ಲಿ ಅದು ಶ್ವಾಸಕೋಶದ ಕೆಳಭಾಗದಲ್ಲೂ ಕೂರಬಹುದು, ಎಕ್ಸ್‌ರೇದಲ್ಲಿ ನ್ಯುಮೋನಿಯಾದ ಹಾಗೇ ಕಾಣುತ್ತದೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿ ಇಕ್ಕಟ್ಟಿನ ಕೋಣೆಗಳಲ್ಲಿ ಇದ್ದು ಬರುವವರು ನಮ್ಮ ಕಡೆಯ ಜಿಲ್ಲೆಗಳಲ್ಲಿ ಇದ್ದಾರೆ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು. ಸಿಬಿನ್ಯಾಟ್ ಇಲ್ಲವೇ ಟ್ರೂನ್ಯಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ, ಕೆಲವೇ ಗಂಟೆಗಳಲ್ಲಿ ಉತ್ತರ ಬರುತ್ತದೆ.

ಆಳಂದ ಮೆಡಿಕಲ್

ಸರ್, ಒಂದು ಕೇಳ್ತೀನಿ. ಭಾಳ ಮಂದಿ ಬಂದು ‘ಎದಿ ಕಟ್ಟ್ಯದ, ಪವರ್ ಗುಳಿಗಿ ಕೊಡ್ರಿ’ ಅಂತಾರ. ಲಿವೋಫ್ಲಾಕ್ಸಾಸಿನ್ ದಿನಕ್ಕ ಒಂದೇ ಸಲ, ಬೇಗ ಆರಾಮ ಆಗ್ತದ ಅಂತ ಕೆಲವು ಡಾಕ್ಟರರೂ ಬರೀತಾರ. ತಪ್ಪೇನ್ರಿ?

ಮೆಡಿಸಿನ್ ಡಾಕ್ಟರ್, ಕಲಬುರಗಿ

ನಮ್ಮ ದೇಶದಲ್ಲಿ ಇದನ್ನು ಮೊದಲ ಆಯ್ಕೆ ಮಾಡಬಾರದು. ಲಿವೋಫ್ಲಾಕ್ಸಾಸಿನ್ ಟಿಬಿ ಕ್ರಿಮಿಯ ಮೇಲೂ ಅರ್ಧಂಬರ್ಧ ಕೆಲಸ ಮಾಡುತ್ತದೆ. ಟಿಬಿ ಇದ್ದವನಿಗೆ ಅದನ್ನು ಒಂದು ವಾರ ಕೊಟ್ಟರೆ ಕೆಮ್ಮು, ಜ್ವರ ತಗ್ಗುತ್ತದೆ, ಕಫ ಪರೀಕ್ಷೆ ನೆಗೆಟಿವ್ ಬರಬಹುದು, ರೋಗ ಗೊತ್ತಾಗುವುದು ತಡವಾಗುತ್ತದೆ. ಅಷ್ಟರಲ್ಲಿ ಮನೆಯ ಮಕ್ಕಳಿಗೆ ಹರಡಿರುತ್ತದೆ. ಆ ಔಷಧಿಗೆ ಬಗ್ಗದ ಟಿಬಿ ಹುಟ್ಟಿಕೊಂಡರಂತೂ ಮುಂದಿನ ದಾರಿ ಬಹಳ ಕಷ್ಟ. ಬೇರೆ ದಾರಿ ಇಲ್ಲದವರಿಗೆ, ಪೆನಿಸಿಲಿನ್ ಅಲರ್ಜಿ ನಿಜವಾಗಿ ಇರುವವರಿಗೆ, ಟಿಬಿ ಪರೀಕ್ಷೆಗೆ ಕಫ ಕೊಟ್ಟ ಮೇಲೆ ಬಳಸಬಹುದು.

ಮನೆಯಲ್ಲೇ ಚಿಕಿತ್ಸೆ ಪಡೆಯಬಹುದಾದ, ಬೇರೆ ಕಾಯಿಲೆ ಇಲ್ಲದ ಹರೆಯದವರಿಗೆ ಹಳೆಯ ಅಮಾಕ್ಸಿಸಿಲಿನ್ ಇಂದಿಗೂ ಒಳ್ಳೆಯ ಔಷಧಿ. ಬೆಲೆ ಕಡಿಮೆ ಎಂದು ಜನ ಅದನ್ನು ಕೀಳಾಗಿ ನೋಡುತ್ತಾರೆ. ಮೂರು ದಿನದ ಅಜಿತ್ರೋಮೈಸಿನ್ ಪಟ್ಟಿಯೊಂದನ್ನೇ ನುಂಗಿ ಕೂರುವುದು ಸಾಲದು, ನ್ಯುಮೋಕಾಕಸ್‌ನ ಬಹಳಷ್ಟು ತಳಿಗಳು ಅದಕ್ಕೆ ಬಗ್ಗುವುದಿಲ್ಲ.

ಆಳಂದ ಮೆಡಿಕಲ್

ಅಮಾಕ್ಸಿಸಿಲಿನ್ ಕೊಟ್ರ ‘ಇದು ಸಾದಾ ಗುಳಿಗಿ’ ಅಂತ ವಾಪಸ್ ಕೊಡೋರು ಖರೇ ಇದ್ದಾರ್ರಿ. ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್ ಎಲ್ಲಾ ಎಚ್ 1 ಪಟ್ಟಿ ಔಷಧಿ. 2014ರಿಂದ ಚೀಟಿ ಇಲ್ದ ಮಾರೋಹಂಗಿಲ್ಲ, ರೋಗಿ ಹೆಸರು, ಡಾಕ್ಟರ್ ಹೆಸರು ರಜಿಸ್ಟರ್‌ದಾಗ ಬರಿಬೇಕು. ನಾ ಬರಿತೀನಿ. ಗಿರಾಕಿ ಸಿಟ್ಟು ಮಾಡಿ ಬಾಜೂ ಅಂಗಡಿಗಿ ಹೋದ್ರ ಹೋಗಲಿ.

ಸುರಪುರ ತಾಯಿ

ನಡುವೆ ಬಂದೆ, ಕ್ಷಮಿಸ್ರಿ. ನನ್ನ ಮಗಳಿಗಿ 10 ತಿಂಗಳು. ನೆಗಡಿ ಆಗಿ ಈಗ ಕೆಮ್ಮು, ಎದಿ ಗೊರಗೊರ ಅಂತದ. ಉಸಿರು ತಗೊಂಡಾಗ ಪಕ್ಕಿ ಒಳಗ ಹೋದಂಗ ಕಾಣಸ್ತದ. ಹಾಲು ಸ್ವಲ್ಪ ಕುಡದು ಬಿಡ್ತಾಳ. ನಮ್ಮ ಅತ್ತಿಯವರು ಹೊಟ್ಟಿಗಿ ಚುಟಿಗಿ (ಕಾದ ಕಡ್ಡಿಲೆ ಸುಡೋದು) ಹಾಕಿಸೋಣು, ಒಂದೇ ದಿನದಾಗ ಆರಾಮ ಆಗ್ತದ ಅಂತ ಪಟ್ಟು ಹಿಡದಾರ. ನಮ್ಮ ಯಜಮಾನ್ರು ಸಣ್ಣವರಿದ್ದಾಗ ಹಾಕಿಸಿದ್ರಂತ.

ಶಹಾಪುರ ಆಶಾ

ತಂಗೀ, ಚುಟಿಗಿ ಬ್ಯಾಡ. ಅತ್ತಿಯವರ ಕೂಡ ಜಗಳ ಆಡಬ್ಯಾಡ, ಈ ಬರದದ್ದು ಓದಿ ಹೇಳು. ಕಾದ ಕಡ್ಡಿ ಎಳೆಕೂಸಿನ ಮೈಗಿ ತಾಗಿದ್ರ ಕೂಸು ನೋವಿಗಿ ಉಸಿರು ಬಿಗಿಹಿಡೀತದ, ಆ ಸುಟ್ಟ ಗಾಯದಿಂದ ಮತ್ತೊಂದು ಸೋಂಕು ಒಳಗ ಹೋಗ್ತದ. ಹಿಂದ ಹಾಕಿಸಿಕೊಂಡು ಬದುಕಿದವರು ನಮ್ಮ ಕಣ್ಮುಂದ ಇದ್ದಾರ. ಹೋದ ಕೂಸುಗಳ ಲೆಕ್ಕ ಯಾರೂ ಇಟ್ಟಿಲ್ಲ.

ಈಗ ಕೂಸು ಅಳದೇ, ಹಾಲು ಕುಡೀದೇ ಸುಮ್ಮ ಇದ್ದಾಗ, ಅಂಗಿ ಎತ್ತಿ ಒಂದು ನಿಮಿಷ ಪೂರಾ ಎಣಿಸು. 2 ತಿಂಗಳ ಒಳಗಿನ ಕೂಸಿಗಿ 60, 2ರಿಂದ 12 ತಿಂಗಳ ಒಳಗ 50, 1ರಿಂದ 5 ವರ್ಷದ ತನಕ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ರ ಉಸಿರು ಜೋರದ ಅಂತ ಅರ್ಥ. ನಿನ್ನ ಮಗಳಿಗಿ 50ರ ಲೆಕ್ಕ. ಆದ್ರ ಪಕ್ಕಿ ಒಳಗ ಸೆಳದ್ರ ಎಣಿಕಿ ಕಡಿಮಿ ಇದ್ರೂ ತಡೀಬಾರದು. ಎದಿಗೂಡಿನ ಕೆಳಗಿನ ಭಾಗ ಉಸಿರು ಒಳಗ ತಗೊಂಡಾಗ ಒಳಗ ಕುಸೀತದೇನು ಬೆಳಕಿನಾಗ ನೋಡು.

ನಿಮ್ಮ ಊರ ಆಶಾ ಅಕ್ಕನ ಕರಿ. ಸಾನ್ಸ್ ಅಂತ ಮಕ್ಕಳ ನ್ಯುಮೋನಿಯಾ ತಡೀಲಾಕ 2019ರಾಗ ಸುರು ಆದ ಸರ್ಕಾರಿ ಕಾರ್ಯಕ್ರಮ ಅದ, ದವಾಖಾನಿಗಿ ಕಳಸೋ ಮೊದಲ ಅಮಾಕ್ಸಿಸಿಲಿನ್ ಮೊದಲ ಡೋಸ್ ಕೊಡ್ಲಾಕ ಆಶಾಗಳಿಗಿ ತರಬೇತಿ ಕೊಟ್ಟಾರ. ಅದು ದಾರಿಗಿ ಅಷ್ಟೇ, ಡಾಕ್ಟರಿಗಿ ತೋರಸ್ಲೇಬೇಕು. ಕೂಸು ಹಾಲೇ ಕುಡೀದಿದ್ರ, ಕುಡದದ್ದೆಲ್ಲಾ ವಾಂತಿ ಮಾಡಿದ್ರ, ಝಟಕಾ ಬಂದ್ರ, ಎಬ್ಬಿಸಿದ್ರೂ ಏಳದಿದ್ರ, ತುಟಿ ನೀಲಿ ಆದ್ರ ಆಶಾನ್ನೂ ಕಾಯಬ್ಯಾಡ, 108ಕ್ಕ ಹಚ್ಚು.

ಸುರಪುರ ತಾಯಿ

ಎಣಿಸಿದೆ ಅಕ್ಕಾ, 58. ಪಕ್ಕಿ ಒಳಗ ಹೋಗ್ತದ, ಅತ್ತಿಯವರಿಗೂ ಬ್ಯಾಟರಿ ಹಿಡದು ತೋರಿಸಿದೆ. ಅವರೇ ‘ನಡಿ’ ಅಂತ ಚಾದರ ಸುತ್ತಲತ್ತಾರ. ತಾಲೂಕು ದವಾಖಾನಿಗಿ ಹೊಂಟೀವಿ.

ಶಹಾಪುರ ಆಶಾ

ದಾರ್ಯಾಗ ಎದಿಹಾಲು ಸ್ವಲ್ಪ ಸ್ವಲ್ಪ ಕೊಡು. ಕೆಮ್ಮಿನ ಸಿರಪ್ ಯಾವುದೂ ಹಾಕಬ್ಯಾಡ. ತಾಯಿ ಕಾರ್ಡ್ ತಗೊಂಡು ಹೋಗು, ನ್ಯುಮೋಕಾಕಲ್ ಲಸಿಕಿ ಹಾಕಿಸ್ಯಾರ ಇಲ್ಲ ನೋಡ್ತಾರ. ಆರು ವಾರ, 14 ವಾರ, 9 ತಿಂಗಳು, ಮೂರು ಸಲ ಕೊಡ್ತಾರ. 2021ರಿಂದ ಇಡೀ ದೇಶದಾಗ ಪುಕ್ಕಟ ಅದ. 9 ತಿಂಗಳದ್ದು ಬಿಟ್ಟುಹೋಗಿದ್ರ ಕೂಸು ಆರಾಮ ಆದ ಮ್ಯಾಲ ಹಾಕಿಸ್ಕೋಬಹುದು.

ಮತ್ತೊಂದು ಮಾತು, ಎಲ್ಲಾರಿಗೂ ಹೇಳ್ತೀನಿ. ತೊಗರಿ ಕಟಿಗಿ ಒಲಿ ಮುಂದ ಕೂಸಿನ ಮಡ್ಲಾಗ ಇಟ್ಕೊಂಡು ರೊಟ್ಟಿ ಬಡಿಯೋದು ನಮ್ಮ ಕಡಿ ಮನಿಮನ್ಯಾಗ ಅದ. ಆ ಹೊಗಿ ಕೂಸಿನ ಎದಿಗಿ ಭಾಳ ಕೆಟ್ಟದ್ದು, ನ್ಯುಮೋನಿಯಾ ಆಗೋ ಸಾಧ್ಯತಿ ಹೆಚ್ಚಸ್ತದ. ರೊಟ್ಟಿ ಬಡಿಯೋವಾಗ ಕೂಸು ಪಡಸಾಲ್ಯಾಗ ಮತ್ತೊಬ್ಬರ ಕೈಯಾಗ ಇರಲಿ.

ಜೇವರ್ಗಿ ಸೀಮಿ

ಅಪ್ಪ ಇವತ್ತು ನನ್ನ ಗುರ್ತು ಹಿಡದು ಮಾತಾಡಿದ್ರು. ರಾಶಿ ಮಾಡಿದ ತೊಗರಿ ಎಲ್ಲಿ ಇಟ್ಟೀದಿ ಅಂತ ಕೇಳಿದ್ರು. ಉಸಿರು 24ಕ್ಕ ಬಂದದ. ಆಕ್ಸಿಜನ್ ಕಡಿಮಿ ಮಾಡ್ಯಾರ, ಇನ್ಸುಲಿನ್ ಕೊಡ್ಲತ್ತಾರ. ಟಿಬಿ ನೆಗೆಟಿವ್. ಕಫದಾಗ ನ್ಯುಮೋಕಾಕಸ್ ಅಂತ ಬಂದದ್ರಿ. ಸೂಕ್ಷ್ಮದರ್ಶಕ ಅಣ್ಣಾರ, ನೀವು ಹೇಳಿದಂಗ ಬಾಯಿ ಮುಕ್ಕಳಿಸಿಯೇ ಕೊಟ್ಟಿದ್ವಿ. ಆದ್ರ ಸಣ್ಣ ಜ್ವರ ಇನ್ನೂ ಅದ, 100ರ ತನಕ ಬರ್ತದ. ಮಂದಿ ‘ಔಷಧಿ ಬದಲು ಮಾಡ್ಸು, ದೊಡ್ಡ ಸೂಜಿ ಹಾಕ್ಸು’ ಅಂತ ತಲಿ ತಿನ್ಲತ್ತಾರ.

ಮೆಡಿಸಿನ್ ಡಾಕ್ಟರ್, ಕಲಬುರಗಿ

ಉಸಿರು 32ರಿಂದ 24ಕ್ಕೆ ಇಳಿದಿದೆ, ಗೊಂದಲ ಹೋಗಿದೆ, ಆಮ್ಲಜನಕ ಕಡಿಮೆ ಸಾಕಾಗುತ್ತಿದೆ. ಔಷಧಿ ನಾಟುತ್ತಿದೆ ಎನ್ನಲು ಇಷ್ಟು ಸಾಕು. ಜ್ವರ ಪೂರ್ತಿ ಬಿಡಲು ಎರಡು ಮೂರು ದಿನ ಹಿಡಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಈ ಹಂತದಲ್ಲಿ ಪಿಪೆರಾಸಿಲಿನ್, ಮೆರೊಪೆನೆಮ್ ಎಂಬ ದೊಡ್ಡ ಆಂಟಿಬಯೋಟಿಕ್‌ಗಳಿಗೆ ಏರಿಸುವುದರಿಂದ ಲಾಭವಿಲ್ಲ. ಅವು ದವಾಖಾನೆಯಲ್ಲೇ ಅಂಟಿಕೊಂಡ ಗಟ್ಟಿ ಸೋಂಕುಗಳಿಗೆ ಇಟ್ಟುಕೊಳ್ಳಬೇಕಾದವು.

72 ಗಂಟೆ ಕಳೆದರೂ ಉಸಿರು ಇಳಿಯದೆ, ಜ್ವರ ಏರುತ್ತಲೇ ಇದ್ದರೆ ಆಗ ಮತ್ತೆ ಮೊದಲಿಂದ ಯೋಚಿಸಬೇಕು. ಶ್ವಾಸಕೋಶದ ಸುತ್ತ ನೀರು ಅಥವಾ ಕೀವು ಸೇರಿತೇ, ಟಿಬಿಯೇ, ಬೇರೆ ಕ್ರಿಮಿಯೇ ಎಂದು.

ಬೀದರ ಕೋಟಿ ಬಾಜೂ

ನಮ್ಮ ಸೋದರಮಾವಗ ಅದೇ ಆಗಿತ್ರಿ. ಭಾಲ್ಕಿ ಕಡಿಯವರು, ದಿನಾ ಕುಡಿಯೋ ಚಟ ಇತ್ತು. ಔಷಧಿ ನಡದ್ರೂ ಜ್ವರ ಬಿಡಲಿಲ್ಲ. ಬೆನ್ನಿಗಿ ಸ್ಕ್ಯಾನ್ ಹಿಡದು ನೋಡಿ ನೀರು ತುಂಬ್ಯದ ಅಂದ್ರು. ಸೂಜಿ ಹಾಕಿ ತಗದ್ರ ನೀರಲ್ಲ, ಹಳದಿ ಕೀವು. ಪಕ್ಕಿ ನಡುವ ಪೈಪ್ ಹಾಕಿ ಬಾಟಲಿಗಿ ಬಿಟ್ರು. ಪೈಪ್ ಹಾಕೋದು ಬ್ಯಾಡ, ಪ್ರಾಣ ಹೋಗ್ತದ ಅಂತ ಮನ್ಯಾಗ ಅಡ್ಡ ನಿಂತವರೇ ಭಾಳ. ಕೀವು ಹೊರಗ ಬಂದ ಮ್ಯಾಲ ಜ್ವರ ಬಿಡ್ತು.

ಮೆಡಿಸಿನ್ ಡಾಕ್ಟರ್, ಕಲಬುರಗಿ

ಕಟ್ಟಿಕೊಂಡ ಕೀವಿನೊಳಗೆ ಆಂಟಿಬಯೋಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹೊರಗೆ ತೆಗೆಯಲೇಬೇಕು. ತೆಗೆದ ನೀರು ನೋಡಲು ಕೀವಿನಂತಿಲ್ಲದಿದ್ದರೂ ಅದರ ಪಿಎಚ್ (ಆಮ್ಲೀಯತೆಯ ಅಳತೆ) 7.2ಕ್ಕಿಂತ ಕೆಳಗಿದ್ದರೆ ಪೈಪ್ ಹಾಕುತ್ತೇವೆ. ತಡವಾದರೆ ಗಟ್ಟಿ ಪೊರೆಗಳಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮದ್ಯಪಾನ ಹೆಚ್ಚಿರುವವರಲ್ಲಿ ಎಚ್ಚರ ತಪ್ಪಿದಾಗ ಬಾಯಿಯ ಕ್ರಿಮಿಗಳು ಶ್ವಾಸಕೋಶಕ್ಕೆ ಜಾರುತ್ತವೆ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕೂ ಅವರಲ್ಲಿ ಹೆಚ್ಚು. ದಾಖಲಿಸುವಾಗ ಕುಡಿತದ ವಿಷಯ ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುವುದು ಇದಕ್ಕೇ.

ಸುರಪುರ ತಾಯಿ

ಮಗಳಿಗಿ ಮೂಗಿಗಿ ಸಣ್ಣ ನಳಿಗಿ ಹಚ್ಚಿ ಆಕ್ಸಿಜನ್ ಕೊಟ್ಟಿದ್ರು, ಸೂಜಿ ನಡದಾವ. ಇವತ್ತು ಪಕ್ಕಿ ಸೆಳಿಯೋದು ನಿಂತದ, ಹಾಲು ಹೊಟ್ಟಿ ತುಂಬ ಕುಡದಾಳ. ಇನ್ನೆರಡು ದಿನ ಇಟ್ಕೋತಾರಂತ. ನಮ್ಮ ಅತ್ತಿಯವರು ಬಾಜೂ ಹಾಸಿಗಿ ಕೂಸಿನ ಉಸಿರೂ ಎಣಸ್ಲತ್ತಾರ.

ಜೇವರ್ಗಿ ಸೀಮಿ

ತಂಗೀ, ಕೇಳಿ ಜೀವ ತಣ್ಣಗಾಯ್ತು. ನಮ್ಮ ಅಪ್ಪಗೂ ಜ್ವರ ಬಿಟ್ಟದ. ಸೂಜಿ ನಿಲ್ಲಿಸಿ ಗುಳಿಗಿ ಕೊಟ್ಟಾರ, ನಾಳಿ ಮನಿಗಿ ಕಳಸ್ತಾರ. ಡಾಕ್ಟರ್ ಸರ್, ಗುಳಿಗಿ ಎಷ್ಟು ದಿನ? ಎಕ್ಸ್‌ರೇದಾಗ ಇನ್ನೂ ಬೆಳ್ಳಗೇ ಅದ, ಹಾಂಗೇ ಕಳಸ್ಲತ್ತಾರಲ್ಲ ಅಂತ ಅವ್ವಗ ಚಿಂತಿ. ಹೊಲಕ್ಕ ಯಾವಾಗ ಹೋಗಬಹುದು?

ಮೆಡಿಸಿನ್ ಡಾಕ್ಟರ್, ಕಲಬುರಗಿ

ಒಟ್ಟು ಕನಿಷ್ಠ ಐದು ದಿನ ಔಷಧಿ ಆಗಬೇಕು, ಜ್ವರ ಬಿಟ್ಟು ಎರಡು ಮೂರು ದಿನವೂ ಕಳೆದಿರಬೇಕು. ತೀವ್ರವಾಗಿದ್ದವರಿಗೆ ಸಾಮಾನ್ಯವಾಗಿ ಏಳು ದಿನದ ಆಸುಪಾಸು. ಚೀಟಿಯಲ್ಲಿ ಬರೆದಷ್ಟು ದಿನ ತಗೊಳ್ಳಿ, ನಡುವೆ ಬಿಡಬೇಡಿ, ಹೆಚ್ಚಿಗೂ ಎಳೆಯಬೇಡಿ.

ಎಕ್ಸ್‌ರೇ ರೋಗಿಗಿಂತ ನಿಧಾನ. ಮನುಷ್ಯ ಎದ್ದು ಓಡಾಡಿದ ಮೇಲೂ ಆ ಬಿಳಿ ಕಲೆ ಕರಗಲು ಆರು ವಾರ, ಈ ವಯಸ್ಸಿಗೆ ಇನ್ನೂ ಹೆಚ್ಚು ಹಿಡಿಯಬಹುದು. ತಂದೆಯವರು ಬೀಡಿ ಸೇದುತ್ತಾರೆಯೇ? ಸೇದುವವರಾದರೆ ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತಪ್ಪಿಸಬಾರದು. ಕೆಲವೊಮ್ಮೆ ಗಡ್ಡೆಯೊಂದು ಶ್ವಾಸನಾಳವನ್ನು ಅಡ್ಡಗಟ್ಟಿ ಅದರ ಹಿಂದೆ ನ್ಯುಮೋನಿಯಾ ಆಗಿರುತ್ತದೆ, ಕಲೆ ಕರಗದಿದ್ದಾಗಲೇ ಅದು ಗೊತ್ತಾಗುವುದು.

ಆಯಾಸ ತಿಂಗಳುಗಟ್ಟಲೆ ಇರಬಹುದು. ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಹೊಲ. ಹೊಟ್ಟಿನ ಧೂಳಿನ ಹತ್ತಿರ ಈ ಹಂಗಾಮಿಗೆ ಬೇಡ. ಪೂರ್ತಿ ಚೇತರಿಸಿಕೊಂಡ ಮೇಲೆ ದೊಡ್ಡವರ ನ್ಯುಮೋಕಾಕಲ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಫ್ಲೂ ಆಗಿ ಎರಡು ದಿನ ಆರಾಮಾಗಿ ಮತ್ತೆ ಜ್ವರ ಏರುವ ನ್ಯುಮೋನಿಯಾ ಬಹಳ ಕೆಟ್ಟದ್ದು. ದೊಡ್ಡವರ ಲಸಿಕೆಗೆ ಹಣ ಕೊಡಬೇಕಾಗುತ್ತದೆ, ವಿಚಾರಿಸಿಕೊಳ್ಳಿ.

ವಾರ್ಡ್ ಸಿಸ್ಟರ್

ಮನಿಗಿ ಹೋದ ಮ್ಯಾಲ ಮೊದಲ ವಾರ ದಿನಾ ಮುಂಜಾನಿ, ಸಂಜಿ ಉಸಿರು ಎಣಿಸಿ ಚೀಟಿ ಮ್ಯಾಲ ಬರೀರಿ. ಜ್ವರ ಇಲ್ದಿದ್ರೂ 25 ದಾಟಿದ್ರ ತೋರಸ್ಲಿಕ್ಕಿ ಬರ್ರಿ. ಅವರ ವಯಸ್ಸಿನವರಿಗಿ ಸೋಂಕು ತಿರುಗಿ ಬಂದ್ರೂ ಜ್ವರ ಬರ್ಲೇಬೇಕಂತ ಇಲ್ಲ. ಬರೇ ಊಟ ಬಿಡೋದು, ಸುಮ್ಮ ಮಲಗೋದು, ಮಾತು ತಪ್ಪೋದು ಇಷ್ಟೇ ಇರ್ತದ. ಸಕ್ಕರಿ ಗುಳಿಗಿ ಹಳೇದೇ ಮುಂದುವರಸಬೇಕೋ ಇನ್ಸುಲಿನ್ ಬೇಕೋ ಅಂತ ಬಿಡುಗಡಿ ಚೀಟ್ಯಾಗ ಬರಸ್ಕೊಂಡೇ ಬರ್ರಿ.

ಜೇವರ್ಗಿ ಸೀಮಿ

ಬೀಡಿ ಸೇದ್ತಿದ್ರು ಅಕ್ಕಾರ, ಸರ್. ದವಾಖಾನಿಗಿ ಬಂದಾಗಿಂದ ಕೇಳಿಲ್ಲ, ಅವ್ವ ಮನ್ಯಾಗಿದ್ದ ಕಟ್ಟು ಎಲ್ಲಾ ಒಲಿಗಿ ಹಾಕ್ಯಾಳ. ಎರಡೂ ಎಕ್ಸ್‌ರೇ ಫಿಲ್ಮ್ ಕವರ್ ಮ್ಯಾಲ ತಾರೀಖು ಬರದು ಇಟ್ಟೀನಿ. ಆರು ವಾರಕ್ಕ ಬರೋವಾಗ ಜೋಡಿ ತರ್ತೀನಿ. ಊರ ಕ್ಲಿನಿಕ್‌ದಾಗ ಕೊಟ್ಟ ಚೀಟಿನೂ ಇಲ್ಲಿನ ಡಾಕ್ಟರಿಗಿ ತೋರಿಸೀನಿ, ಅವರು ಫೈಲಿಗಿ ಹಚ್ಚಿಕೊಂಡ್ರು.